ಬಹುಮಾನಿತ ಕಥೆ, ಬಹುಮಾನಿತ ಕವನ: ಪತ್ರಿಕೆಗಳ ತೀರ್ಪು ಹುಟ್ಟುವ ಬಗೆ

ದೀಪಾವಳಿ, ಯುಗಾದಿ ಬಂತೆಂದರೆ ಕನ್ನಡ ಪತ್ರಿಕೆಗಳ ವಿಶೇಷಾಂಕಗಳು ಬರುತ್ತವೆ. ವಿಶೇಷಾಂಕದ ಜೊತೆಗೆ ಕಥಾಸ್ಪರ್ಧೆ, ಕವನಸ್ಪರ್ಧೆಗಳ ಫಲಿತಾಂಶವೂ ಬರುತ್ತದೆ. ಮೊದಲ ಬಹುಮಾನ, ಎರಡನೆಯದು, ಮೂರನೆಯದು, ಅನಂತರ ತೀರ್ಪುಗಾರರ ಮೆಚ್ಚುಗೆ ಪಡೆದವುಗಳ ಪಟ್ಟಿ. ಹೆಸರು ಇದ್ದವರಿಗೆ ಹಬ್ಬ ಇಮ್ಮಡಿಯಾಗುತ್ತದೆ. ಇಲ್ಲದವರಲ್ಲಿ ಹಲವರು ಮುಂದಿನ ವರ್ಷದ ಕಥೆಗೆ ಕೈಹಾಕುತ್ತಾರೆ. ಇನ್ನು ಕೆಲವರು, ಎಲ್ಲ ಮೊದಲೇ ನಿಶ್ಚಯವಾಗಿರುತ್ತದೆ ಎಂದು ಗೊಣಗಿ ಲೇಖನಿ ಕೆಳಗಿಡುತ್ತಾರೆ.

ಈ ಗೊಣಗಾಟ ಕನ್ನಡಕ್ಕೆ ಮಾತ್ರ ಸೀಮಿತವಲ್ಲ, ಹೊಸದೂ ಅಲ್ಲ. ಸಾಹಿತ್ಯ ಪತ್ರಿಕೆಗಳು ಕಥೆ, ಕವನಗಳಿಗೆ ಬಹುಮಾನ ಕೊಡತೊಡಗಿದ ಕಾಲದಿಂದಲೂ ಅದು ಕೇಳಿಬರುತ್ತಿದೆ. ಹಾಗಾದರೆ ಈ ಬಹುಮಾನಗಳನ್ನು ನಿರ್ಣಯಿಸುವವರು ಯಾರು? ಹಣ ಎಲ್ಲಿಂದ ಬರುತ್ತದೆ? ತೀರ್ಪು ತಪ್ಪುವುದು ಎಲ್ಲಿ? ಬರೆಯುವವರೂ ಓದುವವರೂ ತಿಳಿದಿರಬೇಕಾದ ಕೆಲವು ಸಂಗತಿಗಳು ಇಲ್ಲಿವೆ.

ಬಾಲ್ಟಿಮೋರ್‌ನ ಸ್ಪರ್ಧೆ

ಪತ್ರಿಕಾ ಸ್ಪರ್ಧೆಗಳ ಒಳಿತು ಕೆಡುಕುಗಳೆಲ್ಲವೂ ಒಂದೇ ಕಡೆ ಸೇರಿದ ಪ್ರಸಂಗವೊಂದು ಸುಮಾರು 2 ಶತಮಾನಗಳಷ್ಟು ಹಳೆಯದು. ಅಮೆರಿಕದ ಬಾಲ್ಟಿಮೋರ್ ನಗರದಿಂದ ಹೊರಡುತ್ತಿದ್ದ ‘ಸ್ಯಾಟರ್ಡೆ ವಿಸಿಟರ್’ ಎಂಬ ವಾರಪತ್ರಿಕೆ 1833ರಲ್ಲಿ ಸ್ಪರ್ಧೆಯೊಂದನ್ನು ಪ್ರಕಟಿಸಿತು. ಅತ್ಯುತ್ತಮ ಕಥೆಗೆ 50 ಡಾಲರ್, ಅತ್ಯುತ್ತಮ ಕವನಕ್ಕೆ 25 ಡಾಲರ್. ಕವಿತೆಗೆ ಕಥೆಯ ಅರ್ಧ ಬೆಲೆ ಎಂಬ ಲೆಕ್ಕ ಅಂದೇ ಚಾಲ್ತಿಯಲ್ಲಿತ್ತೆಂಬುದು ಕವಿಗಳು ಗಮನಿಸಬೇಕಾದ ಅಂಶ.

ಆ ಊರಿನಲ್ಲೇ ಕಡುಬಡತನದಲ್ಲಿದ್ದ 24ರ ಹರೆಯದ ಎಡ್ಗರ್ ಅಲನ್ ಪೋ ಎರಡೂ ವಿಭಾಗಗಳಿಗೆ ಬರೆದು ಕಳುಹಿಸಿದ. ಅಷ್ಟರಲ್ಲಿ ಆತನ 3 ಕವನ ಸಂಕಲನಗಳು ಹೊರಬಂದಿದ್ದರೂ ಕೊಂಡು ಓದಿದವರು ವಿರಳ. 1831ರಲ್ಲಿ ಫಿಲಡೆಲ್ಫಿಯಾದ ಪತ್ರಿಕೆಯೊಂದರ ಕಥಾಸ್ಪರ್ಧೆಗೆ ಬರೆದು ಸೋತಿದ್ದ. ಬಹುಮಾನ ಕೊಡದ ಆ ಪತ್ರಿಕೆ ಮರುವರ್ಷ ಆತನ 5 ಕಥೆಗಳನ್ನು ಅಚ್ಚು ಹಾಕಿತ್ತು. ಸೋತ ಬರಹದ ಮೇಲೆ ಪತ್ರಿಕೆಗೆ ಎಷ್ಟು ಹಕ್ಕಿದೆ ಎಂಬ ಪ್ರಶ್ನೆಯೂ ಹೀಗೆ ಹಳೆಯದೇ.

ಬಾಲ್ಟಿಮೋರ್‌ನಲ್ಲಿ ಮೂವರು ತೀರ್ಪುಗಾರರಿದ್ದರು. ಕಾದಂಬರಿಕಾರ ಜಾನ್ ಪೆಂಡಲ್ಟನ್ ಕೆನಡಿ, ವಕೀಲ ಜಾನ್ ಲ್ಯಾಟ್ರೋಬ್, ವೈದ್ಯ ಜೇಮ್ಸ್ ಮಿಲ್ಲರ್. ರಾಶಿ ಬಿದ್ದ ಹಸ್ತಪ್ರತಿಗಳಲ್ಲಿ ಬಹುಪಾಲು ಓದಲೂ ಯೋಗ್ಯವಾಗಿರಲಿಲ್ಲವೆಂದು ಲ್ಯಾಟ್ರೋಬ್ ಮುಂದೆ ನೆನಪಿಸಿಕೊಂಡಿದ್ದಾನೆ. ಕೊನೆಗೆ ಕೈಗೆ ಸಿಕ್ಕಿದ್ದು ಅಚ್ಚಿನಂಥ ದುಂಡು ಅಕ್ಷರದ ಒಂದು ಪುಟ್ಟ ಪುಸ್ತಕ. ಅದರಲ್ಲಿದ್ದ ಕಥೆಗಳನ್ನು ಅವರು ಒಂದನ್ನೂ ಬಿಡದೆ ಓದಿದರು. ಯಾವುದಕ್ಕೆ ಬಹುಮಾನ ಕೊಡುವುದೆಂಬುದಷ್ಟೇ ಉಳಿದ ಚರ್ಚೆ. ಅಕ್ಟೋಬರ್‌ನಲ್ಲಿ ಫಲಿತಾಂಶ ಹೊರಬಿತ್ತು. ಸಮುದ್ರದಲ್ಲಿ ತೇಲಿಬಂದ ಸೀಸೆಯೊಳಗಿನ ಹಸ್ತಪ್ರತಿಯ ಕಥೆಗೆ 50 ಡಾಲರ್ ಸಂದಿತು. ಉಳಿದ ಕಥೆಗಳನ್ನೂ ಪ್ರಕಟಿಸಬೇಕೆಂದು ತೀರ್ಪುಗಾರರು ಬಹಿರಂಗವಾಗಿಯೇ ಸಲಹೆ ಮಾಡಿದರು.

ಎಡವಟ್ಟಾದದ್ದು ಕವನದಲ್ಲಿ. ಪ್ರಾಚೀನ ರೋಮಿನ ಕ್ರೀಡಾಂಗಣದ ಪಾಳನ್ನು ಕುರಿತ ಪೋನ ಕವಿತೆ ಅಂತಿಮ ಹಂತದವರೆಗೆ ಬಂದಿತ್ತು. ಬಹುಮಾನ ಮಾತ್ರ ‘ಹೆನ್ರಿ ವಿಲ್ಟನ್’ ಎಂಬ ಹೆಸರಿನಲ್ಲಿ ಬಂದ ಕವಿತೆಗೆ ಹೋಯಿತು. ಹೆನ್ರಿ ವಿಲ್ಟನ್ ಎಂಬ ವ್ಯಕ್ತಿಯೇ ಇರಲಿಲ್ಲ. ಆ ಕವಿತೆ ಬರೆದಿದ್ದವನು ಸ್ಪರ್ಧೆ ನಡೆಸಿದ ಅದೇ ಪತ್ರಿಕೆಯ ಸಂಪಾದಕ ಜಾನ್ ಹ್ಯೂಯಿಟ್! ಕಥೆಯ ಬಹುಮಾನ ಆಗಲೇ ಪೋಗೆ ಹೋಗಿದ್ದರಿಂದ ಕವಿತೆಯದನ್ನು ಇನ್ನೊಬ್ಬರಿಗೆ ಹಂಚಲಾಯಿತೆಂಬ ಮಾತೂ ಬಂತು. ಸಂಗತಿ ಬಯಲಾದ ಮೇಲೆ ಇಬ್ಬರ ನಡುವೆ ಬೀದಿಯಲ್ಲೇ ಜಗಳವಾಯಿತೆಂದು ಹ್ಯೂಯಿಟ್‌ನೇ ಮುಂದೆ ಬರೆದುಕೊಂಡ.

ಇಷ್ಟಕ್ಕೇ ನಿಂತಿದ್ದರೆ ಇದು ಅನ್ಯಾಯದ ಕಥೆಯಷ್ಟೇ ಆಗುತ್ತಿತ್ತು. ಆದರೆ ತೀರ್ಪುಗಾರ ಕೆನಡಿ ಆ ಯುವಕನನ್ನು ಮರೆಯಲಿಲ್ಲ. 1835ರಲ್ಲಿ ಊಟಕ್ಕೆ ಕರೆದಾಗ, ಬರಲು ಯೋಗ್ಯವಾದ ಸ್ಥಿತಿಯಲ್ಲಿ ತಾನಿಲ್ಲವೆಂದು ಪೋ ಸಂಕೋಚದಿಂದ ಉತ್ತರಿಸಿದ. ಕೆನಡಿ ಉಡಲು ಬಟ್ಟೆ ಕೊಟ್ಟ, ರಿಚ್‌ಮಂಡ್‌ನ ‘ಸದರ್ನ್ ಲಿಟರರಿ ಮೆಸೆಂಜರ್’ ಪತ್ರಿಕೆಗೆ ಶಿಫಾರಸು ಮಾಡಿದ. ಅದೇ ವರ್ಷ ಪೋ ಅಲ್ಲಿ ಕೆಲಸಕ್ಕೆ ಸೇರಿದ. ವಿಮರ್ಶಕನಾಗಿಯೂ ಕಥೆಗಾರನಾಗಿಯೂ ಆತನ ಹೆಸರು ಹಬ್ಬಿದ್ದು ಆ ಪತ್ರಿಕೆಯ ಮೂಲಕ. 50 ಡಾಲರ್ ಎಷ್ಟು ದಿನ ಬಂದಿತೋ ಏನೋ, ಬಹುಮಾನ ದೊರಕಿಸಿಕೊಟ್ಟ ಓದುಗನೊಬ್ಬನ ಪ್ರಯೋಜನ ಮಾತ್ರ ಬಹುಕಾಲ ಉಳಿಯಿತು.

ಬಹುಮಾನಗಳಲ್ಲಿ 3 ಬಗೆ

ಪತ್ರಿಕೆಗಳ ಬಹುಮಾನವೆಂದರೆ ಎಲ್ಲವೂ ಒಂದೇ ಎಂದು ಭಾವಿಸುವುದು ಸರಿಯಲ್ಲ. ಸ್ಥೂಲವಾಗಿ ಅವುಗಳನ್ನು 3 ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು ಸ್ಪರ್ಧೆ. ಎಲ್ಲಿಯೂ ಅಚ್ಚಾಗದ ಬರಹವನ್ನು ಪತ್ರಿಕೆಗೆ ಕಳುಹಿಸುವುದು. ಗೆದ್ದದ್ದು ಅದೇ ಪತ್ರಿಕೆಯಲ್ಲಿ ಮೊದಲ ಬಾರಿಗೆ ಬೆಳಕು ಕಾಣುವುದು. ಬಾಲ್ಟಿಮೋರ್‌ನದು ಈ ಬಗೆ. ನಮ್ಮ ವಿಶೇಷಾಂಕಗಳದೂ ಇದೇ.

ಎರಡನೆಯದರಲ್ಲಿ ಯಾರೂ ಸ್ಪರ್ಧೆಗೆಂದು ಬರೆಯುವುದಿಲ್ಲ. ಒಂದು ಪತ್ರಿಕೆ ವರ್ಷವಿಡೀ ತಾನು ಪ್ರಕಟಿಸಿದ ಕವಿತೆ, ಕಥೆಗಳಲ್ಲಿ ಉತ್ತಮವಾದುದನ್ನು ತಾನೇ ಆರಿಸಿ ಗೌರವಿಸುತ್ತದೆ. ಷಿಕಾಗೋದ ‘ಪೊಯಟ್ರಿ’ ಮಾಸಪತ್ರಿಕೆಯ ಲೆವಿನ್ಸನ್ ಬಹುಮಾನ ಇದಕ್ಕೆ ನಿದರ್ಶನ.

ಮೂರನೆಯದು ಹಲವು ಪತ್ರಿಕೆಗಳ ಮೇಲೆ ಕಣ್ಣಿಟ್ಟ ಪ್ರಶಸ್ತಿ. ಕಥೆಗಾರ ಓ. ಹೆನ್ರಿಯ ಹೆಸರಿನಲ್ಲಿ 1919ರಿಂದ ಹೊರಬರುತ್ತಿರುವ ಬಹುಮಾನಿತ ಕಥೆಗಳ ಸಂಪುಟ ನಿಯತಕಾಲಿಕಗಳಲ್ಲಿ ಪ್ರಕಟವಾದ ಕಥೆಗಳನ್ನು ಆರಿಸುತ್ತದೆ. ವಿಲಿಯಂ ಫಾಕ್ನರ್‌ಗೆ 1939ರಲ್ಲಿ ಅದರ ಮೊದಲ ಬಹುಮಾನ ಸಂದದ್ದು ‘ಹಾರ್ಪರ್ಸ್’ ಪತ್ರಿಕೆಯಲ್ಲಿ ಅಚ್ಚಾಗಿದ್ದ ಕಥೆಗೆ. ಫ್ಲ್ಯಾನರಿ ಓ’ಕಾನರ್ 3 ಬಾರಿ ಮೊದಲ ಬಹುಮಾನ ಪಡೆದಾಕೆ. 1976ರಲ್ಲಿ ಆರಂಭವಾದ ಪುಷ್‌ಕಾರ್ಟ್ ಬಹುಮಾನ ಸಣ್ಣ ಪತ್ರಿಕೆ, ಸಣ್ಣ ಪ್ರಕಾಶನಗಳಿಗೇ ಮೀಸಲು. ಸಂಪಾದಕರು ತಾವು ಪ್ರಕಟಿಸಿದ ಕಥೆ, ಕವಿತೆ, ಪ್ರಬಂಧಗಳಲ್ಲಿ 6ನ್ನು ಸೂಚಿಸಬಹುದು.

ಈ ಭೇದ ಏಕೆ ಮುಖ್ಯ? ಮೊದಲ ಬಗೆಯಲ್ಲಿ ಅಪರಿಚಿತರಿಗೆ ಬಾಗಿಲು ನೇರವಾಗಿ ತೆರೆದಿರುತ್ತದೆ. ಉಳಿದ ಎರಡರಲ್ಲಿ ಸಂಪಾದಕರ ಹೊಸಿಲನ್ನು ಮೊದಲೇ ದಾಟಿದವರಿಗಷ್ಟೇ ಪ್ರವೇಶ. ಆದಕಾರಣ ಹೊಸಬರಿಗೆ ಸ್ಪರ್ಧೆಯೇ ಹೆದ್ದಾರಿ. ಅಮೆರಿಕದ ಕವಯಿತ್ರಿ ಸಿಲ್ವಿಯಾ ಪ್ಲಾತ್ ಕಾಲೇಜು ವಿದ್ಯಾರ್ಥಿನಿಯಾಗಿದ್ದಾಗ, 1952ರಲ್ಲಿ, ‘ಮದ್ಮುವಾಜೆಲ್’ ಎಂಬ ಮಹಿಳಾ ಪತ್ರಿಕೆಯ ಕಥಾಸ್ಪರ್ಧೆಯಲ್ಲಿ 500 ಡಾಲರ್ ಗೆದ್ದಳು. ಮರುವರ್ಷ ಅದೇ ಪತ್ರಿಕೆಯಲ್ಲಿ ಅತಿಥಿ ಸಂಪಾದಕಿಯಾಗಿ ಕಳೆದ ಬೇಸಿಗೆಯೇ ಆಕೆಯ ಏಕೈಕ ಪ್ರಕಟಿತ ಕಾದಂಬರಿಗೆ ವಸ್ತುವಾಯಿತು.

ಹಣ ಯಾರದು?

ಹ್ಯಾರಿಯೆಟ್ ಮನ್ರೋ 1912ರಲ್ಲಿ ‘ಪೊಯಟ್ರಿ’ ಆರಂಭಿಸಿದಾಗ ಚಿತ್ರಕಲೆಗೆ, ವಾಸ್ತುಶಿಲ್ಪಕ್ಕೆ ಬಹುಮಾನಗಳಿದ್ದವು, ಕಾವ್ಯಕ್ಕೆ ಆಶ್ರಯವಿರಲಿಲ್ಲ. ಆಕೆ ಷಿಕಾಗೋದ ಶ್ರೀಮಂತರ ಮನೆಬಾಗಿಲಿಗೆ ಹೋಗಿ, 5 ವರ್ಷಗಳ ಕಾಲ ವರ್ಷಕ್ಕೆ 50 ಡಾಲರ್ ಕೊಡುವ ಸುಮಾರು 100 ಪೋಷಕರನ್ನು ಕೂಡಿಹಾಕಿದಳು. ಪ್ರಕಟಿಸಿದ ಪ್ರತಿ ಕವಿತೆಗೂ ಸಂಭಾವನೆ ಕೊಟ್ಟಳು. ಅದೇ ವರ್ಷದ ಡಿಸೆಂಬರ್ ಸಂಚಿಕೆಯಲ್ಲಿ ರವೀಂದ್ರನಾಥ ಠಾಕೂರರ ಗೀತಾಂಜಲಿಯ 6 ರಚನೆಗಳು ಬಂದವು. ಅವರಿಗೆ ನೊಬೆಲ್ ಪ್ರಶಸ್ತಿ ಸಂದದ್ದು ಅದರ ಮರುವರ್ಷ.

1913ರಲ್ಲಿ ಪೋಷಕರ ಹೆಸರಿನ 250 ಡಾಲರ್ ಬಹುಮಾನ ಐರಿಷ್ ಕವಿ ಡಬ್ಲ್ಯು. ಬಿ. ಯೇಟ್ಸ್‌ಗೆ ಬಂತು. ಆಗಲೇ ಪ್ರಸಿದ್ಧನಾಗಿದ್ದ ಆತ 50 ಡಾಲರ್ ಮಾತ್ರ ಇಟ್ಟುಕೊಂಡು ಉಳಿದ 200ನ್ನು ಹಿಂದಿರುಗಿಸಿದ. ಅದು ಯುವಕನೊಬ್ಬನಿಗೆ ಸಲ್ಲಲಿ ಎಂದು ಎಜ್ರಾ ಪೌಂಡ್‌ನ ಹೆಸರು ಸೂಚಿಸಿದ. ಪೌಂಡ್ ಆ ಹಣದಲ್ಲಿ ಒಂದು ಟೈಪ್‌ರೈಟರ್ ಕೊಂಡ, ಗೋಡಿಯೆ ಬ್ರೆಸ್ಕಾ ಎಂಬ ತರುಣ ಶಿಲ್ಪಿಯ ಕೃತಿಗಳನ್ನೂ ಕೊಂಡ. ಒಂದೇ ಬಹುಮಾನ ಹಿರಿಯ ಕವಿಯಿಂದ ಕಿರಿಯ ಕವಿಗೆ, ಅಲ್ಲಿಂದ ಇನ್ನೂ ಕಿರಿಯ ಶಿಲ್ಪಿಗೆ ಹರಿಯಿತು. ಬಹುಮಾನದ ಹಣ ಯಾರಿಗೆ ಹೆಚ್ಚು ಬೇಕು ಎಂಬ ಪ್ರಶ್ನೆಗೆ ಇದಕ್ಕಿಂತ ಸೊಗಸಾದ ಉತ್ತರ ಸಿಗುವುದು ಕಷ್ಟ.

ಇದೇ ಪತ್ರಿಕೆಗೆ 2002ರಲ್ಲಿ ಔಷಧ ಉದ್ಯಮದ ಮನೆತನಕ್ಕೆ ಸೇರಿದ ರೂತ್ ಲಿಲಿ ಸುಮಾರು 10 ಕೋಟಿ ಡಾಲರ್ ದಾನ ಘೋಷಿಸಿದಾಗ ಜಗತ್ತಿನ ಸಾಹಿತ್ಯವಲಯ ಬೆರಗಾಯಿತು. ಆಕೆ ಹಿಂದೆ ಕಳುಹಿಸಿದ್ದ ಕವಿತೆಗಳನ್ನು ಪತ್ರಿಕೆ ಒಪ್ಪಿರಲಿಲ್ಲ. ದಾನಿಯ ಕವಿತೆಗೂ ಮಣೆ ಹಾಕದ ಸಂಪಾದಕೀಯ ನಿಷ್ಠುರತೆಯನ್ನು ದಾನಿಯೇ ಗೌರವಿಸಿದ ಅಪರೂಪದ ಉದಾಹರಣೆಯಿದು.

ಆದರೆ ಬಹುಮಾನದ ಹಣ ಯಾವಾಗಲೂ ಇಷ್ಟು ನಿರ್ಮಲವಲ್ಲ. ನ್ಯೂಯಾರ್ಕಿನ ‘ದ ಡಯಲ್’ ಪತ್ರಿಕೆ 1921ರಿಂದ 1928ರವರೆಗೆ ವರ್ಷಕ್ಕೊಬ್ಬ ಲೇಖಕರಿಗೆ 2000 ಡಾಲರ್ ಕೊಡುತ್ತಿತ್ತು. 1922ರಲ್ಲಿ ಟಿ. ಎಸ್. ಎಲಿಯಟ್ ತನ್ನ ದೀರ್ಘ ಕಾವ್ಯ ‘ದ ವೇಸ್ಟ್ ಲ್ಯಾಂಡ್’ ಕುರಿತು ಮಾತುಕತೆ ನಡೆಸಿದಾಗ ಪತ್ರಿಕೆ ಹೇಳಿದ ಸಂಭಾವನೆ 150 ಡಾಲರ್. ಎಲಿಯಟ್ ಒಪ್ಪಲಿಲ್ಲ. ನಿಗದಿತ ದರವನ್ನು ಮೀರಲು ಪತ್ರಿಕೆಗೂ ಮನಸ್ಸಿರಲಿಲ್ಲ. ಕೊನೆಗೆ ಸಿಕ್ಕಿದ ದಾರಿಯೆಂದರೆ, ಆ ವರ್ಷದ ಡಯಲ್ ಪ್ರಶಸ್ತಿ ಎಲಿಯಟ್‌ಗೇ ಎಂಬ ಒಪ್ಪಂದ. ಪ್ರಶಸ್ತಿಯ ವೇಷದಲ್ಲಿ ಬಂದದ್ದು ಸಂಭಾವನೆ. ಆಯ್ಕೆ ತಪ್ಪೆಂದು ಇಂದು ಯಾರೂ ಹೇಳಲಾರರು. ಆದರೆ ಆ ವರ್ಷ ಬೇರೆಯವರಿಗೆ ಅವಕಾಶವೇ ಇರಲಿಲ್ಲವೆಂಬುದೂ ನಿಜ. ಕೃತಿ ಯೋಗ್ಯವಾಗಿರುವುದು ಬೇರೆ, ಕ್ರಮ ಯೋಗ್ಯವಾಗಿರುವುದು ಬೇರೆ.

ಜಪಾನಿನ ನೇರಮಾತು

ಬಹುಮಾನದ ಹಿಂದೆ ಪತ್ರಿಕೆಯ ವ್ಯಾಪಾರವೂ ಇರುತ್ತದೆಂಬುದನ್ನು ಮುಚ್ಚುಮರೆಯಿಲ್ಲದೆ ಒಪ್ಪಿದವನು ಜಪಾನಿನ ಕಿಕುಚಿ ಕಾನ್. ‘ಬುಂಗೇಯ್ ಶುಂಜು’ ಪತ್ರಿಕೆಯ ಸ್ಥಾಪಕನಾದ ಆತ, 1927ರಲ್ಲಿ ತೀರಿಕೊಂಡ ಗೆಳೆಯ ಅಕುತಗವಾನ ನೆನಪಿಗೆ 1935ರಲ್ಲಿ ಅಕುತಗವಾ ಪ್ರಶಸ್ತಿ ಸ್ಥಾಪಿಸಿದ. ಅದರ ಅರ್ಧ ಉದ್ದೇಶ ಪತ್ರಿಕೆಯ ಪ್ರಚಾರವೇ ಎಂದು ಅದೇ ವರ್ಷ ಬಹಿರಂಗವಾಗಿ ಬರೆದ. ವರ್ಷಕ್ಕೆ 2 ಬಾರಿ, ಪತ್ರಿಕೆಗಳಲ್ಲಿ ಪ್ರಕಟವಾದ ಹೊಸ ಲೇಖಕರ ನೀಳ್ಗತೆ, ಕಿರುಕಾದಂಬರಿಗಳಿಗೆ ಅದು ಸಲ್ಲುತ್ತದೆ. ಒಂದು ಕಿಸೆಗಡಿಯಾರ, ಜೊತೆಗೆ 10 ಲಕ್ಷ ಯೆನ್.

ಈ ಪ್ರಶಸ್ತಿಯಿಂದ ನಾವು ಕಲಿಯಬಹುದಾದ ಸಂಗತಿಯೊಂದಿದೆ. ಪ್ರತಿಯೊಬ್ಬ ತೀರ್ಪುಗಾರರೂ ತಮ್ಮ ಅಭಿಪ್ರಾಯವನ್ನು ಹೆಸರು ಸಹಿತ ಬರೆಯುತ್ತಾರೆ, ಅದು ಪತ್ರಿಕೆಯಲ್ಲಿ ಅಚ್ಚಾಗುತ್ತದೆ. ಯಾರು ಯಾವ ಕೃತಿಯನ್ನು ಏಕೆ ಒಪ್ಪಲಿಲ್ಲ ಎಂಬುದು ಓದುಗರಿಗೆ ತಿಳಿಯುತ್ತದೆ. ಮೊದಲ ವರ್ಷವೇ ಇದರ ಬಿಸಿ ತಟ್ಟಿತು. ಕಣದಲ್ಲಿದ್ದ ದಜಾಯ್ ಒಸಾಮುವಿನ ಖಾಸಗಿ ಬದುಕಿನ ಕುರಿತು ತೀರ್ಪುಗಾರ ಕವಬಾತ ಯಸುನಾರಿ ಒಂದು ಮಾತು ಬರೆದುಬಿಟ್ಟ. ಬಹುಮಾನ ತಪ್ಪಿದ ದಜಾಯ್ ಕೆರಳಿ ಅಚ್ಚಿನಲ್ಲೇ ಉತ್ತರ ಕೊಟ್ಟ. ಕವಬಾತನಿಗೆ 1968ರಲ್ಲಿ ನೊಬೆಲ್ ಬಂತು. ಅಕುತಗವಾ ಪ್ರಶಸ್ತಿ ಎಂದೂ ಸಿಗದ ದಜಾಯ್ ಇಂದಿಗೂ ಜಪಾನಿನಲ್ಲಿ ಅತಿ ಹೆಚ್ಚು ಓದಿಸಿಕೊಳ್ಳುವ ಲೇಖಕರಲ್ಲೊಬ್ಬ. ಜಗಳವಾದರೂ ಕಾರಣಗಳು ಬೆಳಕಿನಲ್ಲಿದ್ದವು. ಆದ್ದರಿಂದಲೇ ಇಂದು ನಾವು ಎರಡೂ ಕಡೆಯನ್ನು ತೂಗಿ ನೋಡಬಲ್ಲೆವು.

ಯೋಗ್ಯ ಕೃತಿ ಸಿಗದಿದ್ದರೆ ಬಹುಮಾನವನ್ನೇ ಕೊಡದಿರುವ ಎದೆಗಾರಿಕೆಯೂ ಅಲ್ಲಿದೆ. 2025ರ ಜುಲೈಯಲ್ಲಿ ಅಕುತಗವಾ ಪ್ರಶಸ್ತಿ, ಅದರ ಜೊತೆಗಾರ ನಾವೋಕಿ ಪ್ರಶಸ್ತಿ ಎರಡೂ ಯಾರಿಗೂ ಸಲ್ಲಲಿಲ್ಲ. ಎರಡೂ ಒಟ್ಟಿಗೆ ಖಾಲಿ ಉಳಿದದ್ದು 1998ರ ಬಳಿಕ ಅದೇ ಮೊದಲು.

ಇನ್ನೊಂದು ಜಪಾನಿ ಪ್ರಸಂಗ ಸ್ಪರ್ಧೆಯ ಮಹತ್ವವನ್ನು ತೋರುತ್ತದೆ. ಟೋಕಿಯೋದಲ್ಲಿ ಜಾಝ್ ಸಂಗೀತದ ಪುಟ್ಟ ಕೆಫೆ ನಡೆಸುತ್ತಿದ್ದ ಹರುಕಿ ಮುರಕಾಮಿ ತನ್ನ ಮೊದಲ ಬರಹವನ್ನು ‘ಗುಂಜೋ’ ಪತ್ರಿಕೆಯ ಹೊಸಬರ ಸ್ಪರ್ಧೆಗೆ ಕಳುಹಿಸಿದ. ಪ್ರತಿಯನ್ನೂ ಇಟ್ಟುಕೊಂಡಿರಲಿಲ್ಲ. 1979ರಲ್ಲಿ ಅದು ಗೆದ್ದಿತು. ಗೆಲ್ಲದಿದ್ದರೆ ಬಹುಶಃ ಮತ್ತೆ ಬರೆಯುತ್ತಿರಲಿಲ್ಲವೆಂದು ಆತನೇ ಹೇಳಿಕೊಂಡಿದ್ದಾನೆ. ಅದೇ ಮುರಕಾಮಿಯ ಕೃತಿಗಳು 2 ಬಾರಿ ಅಕುತಗವಾ ಪ್ರಶಸ್ತಿಯ ಅಂತಿಮ ಸುತ್ತಿಗೆ ಬಂದು ಸೋತವು. ಒಂದು ಪತ್ರಿಕೆಯ ತೀರ್ಪು ತೆರೆದ ಬಾಗಿಲನ್ನು ಇನ್ನೊಂದರ ತೀರ್ಪು ಮುಚ್ಚಲಾಗಲಿಲ್ಲ.

ತೀರ್ಪು ತಪ್ಪುವುದು ಎಲ್ಲಿ?

ಸ್ಪರ್ಧೆಗೆ ಬಂದ ಎಲ್ಲವನ್ನೂ ಅಂತಿಮ ತೀರ್ಪುಗಾರರೇ ಓದುತ್ತಾರೆಂಬುದು ಸಾಮಾನ್ಯ ನಂಬಿಕೆ. ಲೆಕ್ಕ ಹಾಕಿ ನೋಡೋಣ. 2000 ಪದಗಳ ಮಿತಿಯ 1000 ಕಥೆಗಳು ಬಂದವೆಂದುಕೊಳ್ಳಿ. ಒಟ್ಟು 20 ಲಕ್ಷ ಪದ. ನಿಮಿಷಕ್ಕೆ 200 ಪದ ಓದಿದರೂ 10,000 ನಿಮಿಷ, ಅಂದರೆ 160 ಗಂಟೆಗೂ ಹೆಚ್ಚು ಬೇಕು. ದಿನಕ್ಕೆ 4 ಗಂಟೆ ಕುಳಿತರೆ 40 ದಿನ ದಾಟುತ್ತದೆ. ಹೀಗಾಗಿ ದೊಡ್ಡ ಸ್ಪರ್ಧೆಗಳಲ್ಲಿ ಮೊದಲ ಸುತ್ತಿನ ಜರಡಿ ಹಿಡಿಯುವವರು ಬೇರೆಯೇ ಇರುತ್ತಾರೆ. ಅಂತಿಮ ತೀರ್ಪುಗಾರರ ಕೈಗೆ ಬರುವುದು ಒಂದೆರಡು ಡಜನ್ ಕಥೆಗಳು. ಅವರ ಹೆಸರು ಪತ್ರಿಕೆಯಲ್ಲಿ ಬರುತ್ತದೆ. ಜರಡಿ ಹಿಡಿದವರ ಹೆಸರು ಬರುವುದಿಲ್ಲ. ಅಸಲಿಗೆ ಬಹುಪಾಲು ಲೇಖಕರ ಭವಿಷ್ಯ ತೀರ್ಮಾನವಾಗುವುದು ಆ ಜರಡಿಯಲ್ಲೇ. ವಿಚಿತ್ರವಾದ, ಒಮ್ಮೆಗೇ ಕೈಗೆಟುಕದ ಕಥೆ ಅಲ್ಲಿ ಸೋರಿಹೋಗುವ ಅಪಾಯ ಹೆಚ್ಚು.

ಎರಡನೆಯ ತೊಡಕು ಅಂಕಗಳದು. ಮೂವರು ತೀರ್ಪುಗಾರರು ತಲಾ 10 ಅಂಕದಂತೆ ಬೆಲೆ ಕಟ್ಟುತ್ತಾರೆಂದುಕೊಳ್ಳಿ. ಒಂದು ಕಥೆಗೆ ಇಬ್ಬರು 10ಕ್ಕೆ 10 ಕೊಟ್ಟರು, ಮೂರನೆಯವರು ಹುಬ್ಬು ಗಂಟಿಕ್ಕಿ 3 ಕೊಟ್ಟರು, ಒಟ್ಟು 23. ಇನ್ನೊಂದಕ್ಕೆ ಮೂವರೂ ಸಾಧಾರಣ ಮೆಚ್ಚುಗೆಯಿಂದ 8 ಕೊಟ್ಟರು, ಒಟ್ಟು 24. ಗೆಲ್ಲುವುದು ಯಾರೂ ಗಾಢವಾಗಿ ಪ್ರೀತಿಸದ ಎರಡನೆಯ ಕಥೆ. ಇದರಲ್ಲಿ ಯಾರ ಮೋಸವೂ ಇಲ್ಲ, ಲಾಬಿಯೂ ಇಲ್ಲ. ಬಹುಮಾನಿತ ಕಥೆ ಒಮ್ಮೊಮ್ಮೆ ಸಪ್ಪೆಯೆನಿಸುವುದಕ್ಕೂ ಪಟ್ಟಿಯ ಕೊನೆಯಲ್ಲಿರುವ ಕಥೆ ಮನಸ್ಸಿನಲ್ಲಿ ಉಳಿಯುವುದಕ್ಕೂ ಈ ಕೂಡುಲೆಕ್ಕವೂ ಒಂದು ಕಾರಣ. ಈ ಕಾರಣಕ್ಕೇ ಅಂಕ ಕೂಡಿಸುವುದರ ಬದಲು ತೀರ್ಪುಗಾರರು ಒಟ್ಟಿಗೆ ಕುಳಿತು ವಾದಿಸುವ ಪದ್ಧತಿ ಉತ್ತಮವೆಂದು ಅನುಭವಿಗಳು ಹೇಳುತ್ತಾರೆ.

ಮೂರನೆಯದು ಅಭಿರುಚಿಯ ಕಾಲಮಿತಿ. ಎಲಿಯಟ್‌ನ ‘ಪ್ರುಫ್ರಾಕ್’ ಕವಿತೆಯನ್ನು 1915ರಲ್ಲಿ ಮೊದಲು ಪ್ರಕಟಿಸಿದ್ದು ಇದೇ ‘ಪೊಯಟ್ರಿ’. ಆ ವರ್ಷದ ಲೆವಿನ್ಸನ್ ಬಹುಮಾನ ಹೋದದ್ದು ವೇಚಲ್ ಲಿಂಡ್ಸೆಯ ಕವಿತೆಗೆ. ಹೊಸ ದನಿಯನ್ನು ಅಚ್ಚು ಹಾಕುವ ಧೈರ್ಯವಿದ್ದ ಪತ್ರಿಕೆಗೂ ಅದಕ್ಕೆ ಕಿರೀಟ ತೊಡಿಸುವ ಧೈರ್ಯ ಆಗ ಬರಲಿಲ್ಲ. ಪ್ರಕಟಣೆಯೇ ದೊಡ್ಡ ಬಹುಮಾನ ಎಂಬ ಹಿರಿಯರ ಮಾತು ಬರಿಯ ಸಮಾಧಾನದ ಮಾತಲ್ಲ.

ಹೆಸರು ಮರೆಯಾದರೆ ಸಾಕೆ?

ಹಸ್ತಪ್ರತಿಯ ಮೇಲೆ ಹೆಸರು ಬರೆಯಬಾರದು, ವಿವರಗಳನ್ನು ಪ್ರತ್ಯೇಕ ಹಾಳೆಯಲ್ಲಿ ಲಗತ್ತಿಸಬೇಕು ಎಂಬ ನಿಯಮ ಹಲವು ಸ್ಪರ್ಧೆಗಳಲ್ಲಿದೆ. ಅದು ಅತ್ಯಗತ್ಯವಾದ ರಕ್ಷೆ. ಆದರೆ ಪೂರ್ಣ ರಕ್ಷೆಯಲ್ಲ. ಬಾಲ್ಟಿಮೋರ್‌ನಲ್ಲಿ ಸಂಪಾದಕನನ್ನು ಕಾಪಾಡಿದ್ದೇ ಸುಳ್ಳು ಹೆಸರು. ಅಲ್ಲಿ ಬೇಕಿದ್ದದ್ದು ಇನ್ನೊಂದು ನಿಯಮ: ಪತ್ರಿಕೆಯ ಸಿಬ್ಬಂದಿ, ಅವರ ಕುಟುಂಬದವರು, ತೀರ್ಪುಗಾರರ ಹತ್ತಿರದವರು ಭಾಗವಹಿಸುವಂತಿಲ್ಲ ಎಂಬುದು.

ಹೆಸರು ಕಾಣಿಸಿದರೆ ಏನಾಗುತ್ತದೆ ಎಂಬುದಕ್ಕೆ 2015ರ ಅಮೆರಿಕದ ಪ್ರಕರಣವೊಂದು ಸಾಕ್ಷಿ. ಬಿಳಿಯ ಕವಿಯೊಬ್ಬ ತನ್ನ ಹೆಸರಿನಲ್ಲಿ 40 ಬಾರಿ ತಿರಸ್ಕೃತವಾದ ಕವಿತೆಯನ್ನು ಚೀನೀ ಹೆಸರಿನಲ್ಲಿ ಕಳುಹಿಸಿದ. ಅದು ಒಂದು ಸಾಹಿತ್ಯ ಪತ್ರಿಕೆಯಲ್ಲಿ ಅಚ್ಚಾಗಿ, ವರ್ಷದ ಅತ್ಯುತ್ತಮ ಕವಿತೆಗಳ ಸಂಪುಟಕ್ಕೂ ಆಯ್ಕೆಯಾಯಿತು. ಆ ಹೆಸರು ತನ್ನ ಆಯ್ಕೆಯ ಮೇಲೆ ಪ್ರಭಾವ ಬೀರಿತೆಂದು ಸಂಪಾದಕ ಪ್ರಾಮಾಣಿಕವಾಗಿ ಒಪ್ಪಿಕೊಂಡ. ಕಡೆಗಣಿಸಲ್ಪಟ್ಟ ಸಮುದಾಯಗಳಿಗೆ ಅವಕಾಶ ಕೊಡಬೇಕೆಂಬ ಸದಾಶಯವನ್ನೂ ಹೀಗೆ ದುರುಪಯೋಗ ಮಾಡಬಹುದು. ಹಾಗೆಂದು ಆ ಸದಾಶಯವೇ ತಪ್ಪಾಗುವುದಿಲ್ಲ. ಕುರುಡಾಗಿ ಓದಿದಾಗಲೂ ತೀರ್ಪುಗಾರರು ಹೆಸರನ್ನಷ್ಟೇ ಮರೆಯುತ್ತಾರೆ, ತಮ್ಮ ಊರಿನ ನುಡಿಗಟ್ಟು, ತಮ್ಮ ಓದಿನ ಹಿನ್ನೆಲೆಗಳನ್ನು ಮರೆಯುವುದಿಲ್ಲ. ಆದಕಾರಣ ತೀರ್ಪುಗಾರರ ಮಂಡಳಿಯಲ್ಲೇ ಬೇರೆ ಬೇರೆ ಪ್ರದೇಶ, ವಯಸ್ಸು, ಹಿನ್ನೆಲೆಗಳವರು ಇರುವುದು ಲೇಸು.

ಈಚಿನ ವರ್ಷಗಳಲ್ಲಿ ಹೊಸ ಸಂಶಯವೊಂದು ಸೇರಿದೆ: ಬರೆದದ್ದು ಮನುಷ್ಯನೇ? 2023ರ ಫೆಬ್ರುವರಿಯಲ್ಲಿ ‘ಕ್ಲಾರ್ಕ್ಸ್‌ವರ್ಲ್ಡ್’ ಎಂಬ ವೈಜ್ಞಾನಿಕ ಕಥಾ ಪತ್ರಿಕೆ ಕೃತಕ ಬುದ್ಧಿಮತ್ತೆ ಹೆಣೆದ ನೂರಾರು ಕಥೆಗಳ ಹಾವಳಿ ತಾಳಲಾರದೆ ಕೆಲಕಾಲ ಬರಹ ಸ್ವೀಕರಿಸುವುದನ್ನೇ ನಿಲ್ಲಿಸಿತು. 2024ರ ಜನವರಿಯಲ್ಲಿ ಅಕುತಗವಾ ಪ್ರಶಸ್ತಿ ಪಡೆದ ಕುದಾನ್ ರಿಯೆ, ತನ್ನ ಕೃತಿಯ ಸುಮಾರು ಶೇ 5ರಷ್ಟು ಭಾಗದಲ್ಲಿ ಅಂಥ ಯಂತ್ರದ ವಾಕ್ಯಗಳಿವೆಯೆಂದು ತಾನೇ ಹೇಳಿದಳು. ಕಥೆಯೊಳಗೇ ಯಂತ್ರವೊಂದು ಪಾತ್ರವಾಗಿ ಮಾತನಾಡುವುದರಿಂದ ಹಾಗೆ ಮಾಡಿದೆನೆಂಬುದು ಆಕೆಯ ವಿವರಣೆ. ಮುಚ್ಚಿಟ್ಟು ಗೆಲ್ಲುವುದಕ್ಕೂ ಹೇಳಿ ಬಳಸುವುದಕ್ಕೂ ಅಂತರವಿದೆ. ‘ಸ್ವಂತ ರಚನೆ’ ಎಂಬ ನಿಯಮದ ಅರ್ಥವನ್ನು ನಮ್ಮ ಪತ್ರಿಕೆಗಳೂ ಇನ್ನಷ್ಟು ಬಿಡಿಸಿ ಬರೆಯಬೇಕಾದ ಕಾಲವಿದು.

ಪ್ರವೇಶ ಶುಲ್ಕವೆಂಬ ಸುಳಿ

ಅಮೆರಿಕದ ಬಹುತೇಕ ಸಾಹಿತ್ಯ ಪತ್ರಿಕೆಗಳು ಸ್ಪರ್ಧೆಗೆ ಪ್ರವೇಶ ಶುಲ್ಕ ಪಡೆಯುತ್ತವೆ. ಬಹುಮಾನದ ಮೊತ್ತ, ತೀರ್ಪುಗಾರರ ಗೌರವಧನ, ಕೆಲವೊಮ್ಮೆ ಪತ್ರಿಕೆಯ ಮುದ್ರಣದ ವೆಚ್ಚವೂ ಅದರಿಂದಲೇ ಹುಟ್ಟುತ್ತದೆ. ಶುಲ್ಕ ಕೊಟ್ಟವರಿಗೆ ಒಂದು ಸಂಚಿಕೆಯನ್ನೋ ವರ್ಷದ ಚಂದಾವನ್ನೋ ಕೊಡುವ ಸಭ್ಯ ಪದ್ಧತಿಯೂ ಇದೆ. ಆದರೂ ಮೂಲ ಸತ್ಯವೆಂದರೆ, ಸೋತ ಸಾವಿರ ಮಂದಿ ಗೆದ್ದ ಒಬ್ಬರ ಬಹುಮಾನಕ್ಕೆ ಹಣ ತೆರುತ್ತಾರೆ. 2000ದ ದಶಕದಲ್ಲಿ ಕೆಲವು ಕಾವ್ಯಸ್ಪರ್ಧೆಗಳಲ್ಲಿ ತೀರ್ಪುಗಾರರು ತಮ್ಮ ಶಿಷ್ಯರನ್ನೂ ಆಪ್ತರನ್ನೂ ಆರಿಸಿದರೆಂಬ ದೂರುಗಳು ಅಲ್ಲಿ ದೊಡ್ಡ ವಿವಾದವಾದವು. ಹಣ ಕೊಟ್ಟವರಿಗೆ ಪ್ರಶ್ನಿಸುವ ಹಕ್ಕೂ ಇರುತ್ತದಲ್ಲವೆ? ಸಾಹಿತ್ಯ ಪತ್ರಿಕೆಗಳ ಒಕ್ಕೂಟವೇ ಮುಂದೆ ಬಂದು ಸ್ಪರ್ಧೆಗಳ ನೀತಿಸಂಹಿತೆಯನ್ನು ರೂಪಿಸಿತು.

ಕನ್ನಡದ ಪತ್ರಿಕೆಗಳ ಕಥಾಸ್ಪರ್ಧೆಗಳು ಸಾಮಾನ್ಯವಾಗಿ ಬರಹಗಾರರಿಂದ ಶುಲ್ಕ ಪಡೆಯದೆ ನಡೆದುಬಂದಿವೆ. ಇದು ನಾವು ಹೆಮ್ಮೆಪಡಬೇಕಾದ, ಉಳಿಸಿಕೊಳ್ಳಬೇಕಾದ ಪರಂಪರೆ. ಹಳ್ಳಿಯ ಶಾಲಾ ಶಿಕ್ಷಕಿ, ಕಾಲೇಜು ವಿದ್ಯಾರ್ಥಿ, ಬೆಂಗಳೂರಿನ ಕಾರ್ಖಾನೆಯ ನೌಕರ, ಮುಂಬಯಿಯ ಕನ್ನಡಿಗ, ಎಲ್ಲರ ಲಕೋಟೆಗೂ ಒಂದೇ ಅಂಚೆಚೀಟಿ. ಆದರೆ ಈಚೆಗೆ ಬೇರೆ ಬಗೆಯ ಆಹ್ವಾನಗಳು ಕಾಣಿಸಿಕೊಳ್ಳುತ್ತಿವೆ. ಭಾಗವಹಿಸಿದ ಎಲ್ಲರೂ ಆಯ್ಕೆಯಾಗುತ್ತಾರೆ, ಎಲ್ಲರಿಗೂ ಪ್ರಮಾಣಪತ್ರ, ಸಂಕಲನದಲ್ಲಿ ಕವಿತೆ ಸೇರಬೇಕಾದರೆ ಇಂತಿಷ್ಟು ಪ್ರತಿ ಕೊಳ್ಳಬೇಕು. ಅಲ್ಲಿ ಕವಿ ಸ್ಪರ್ಧಿಯಲ್ಲ, ಗಿರಾಕಿ.

ಕಳುಹಿಸುವ ಮುನ್ನ

ಬರೆಯುವವರು ಲಕೋಟೆ ಅಂಟಿಸುವ ಮುನ್ನ ಕೆಲವು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳಿತು.

* ತೀರ್ಪುಗಾರರ ಹೆಸರು ಫಲಿತಾಂಶದ ಜೊತೆಗಾದರೂ ಪ್ರಕಟವಾಗುತ್ತದೆಯೆ? ಅವರ ಟಿಪ್ಪಣಿ ಅಚ್ಚಾಗುತ್ತದೆಯೆ?
* ಸಿಬ್ಬಂದಿ ಮತ್ತು ಬಂಧುಗಳು ಭಾಗವಹಿಸಬಾರದೆಂಬ ನಿಯಮ ಸ್ಪಷ್ಟವಾಗಿದೆಯೆ?
* ಬಹುಮಾನ ಬಾರದ ಬರಹವನ್ನೂ ಪ್ರಕಟಿಸುವ ಹಕ್ಕನ್ನು ಪತ್ರಿಕೆ ಉಳಿಸಿಕೊಂಡಿದೆಯೆ? ಹಾಗೆ ಪ್ರಕಟಿಸಿದರೆ ಸಂಭಾವನೆ ಉಂಟೆ?
* ಕೃತಿಸ್ವಾಮ್ಯ ಲೇಖಕರಲ್ಲೇ ಉಳಿಯುತ್ತದೆಯೆ? ಮುಂದೆ ಸಂಕಲನ ತರುವಾಗ ಅನುಮತಿಗೆ ಅಲೆಯಬೇಕೆ?
* ಫಲಿತಾಂಶದ ದಿನ ಗೊತ್ತಿದೆಯೆ? ಇಲ್ಲದಿದ್ದರೆ ಕಥೆ ಅನಿರ್ದಿಷ್ಟ ಕಾಲ ಸೆರೆಯಲ್ಲಿರುತ್ತದೆ.
* ಬರಹದ ಒಂದು ಪ್ರತಿ ನಿಮ್ಮಲ್ಲಿದೆಯೆ? ಮುರಕಾಮಿಯ ಅದೃಷ್ಟ ಎಲ್ಲರಿಗೂ ಇರುವುದಿಲ್ಲ.

ಪತ್ರಿಕೆಗಳ ಕಡೆಯಿಂದ ನಿರೀಕ್ಷಿಸಬಹುದಾದದ್ದೂ ಹೆಚ್ಚೇನಲ್ಲ. ಎಷ್ಟು ಬರಹಗಳು ಬಂದವು, ಎಷ್ಟು ಸುತ್ತಿನಲ್ಲಿ ಓದಲಾಯಿತು, ಮೊದಲ ಸುತ್ತಿನ ಓದುಗರು ಯಾರು ಎಂಬ 3 ಸಾಲಿನ ಮಾಹಿತಿ ವಿಶೇಷಾಂಕದ ಒಂದು ಮೂಲೆಯಲ್ಲಿದ್ದರೂ ಸಾಕು. ಅರ್ಧ ಗೊಣಗಾಟ ಅಷ್ಟರಿಂದಲೇ ಅಡಗುತ್ತದೆ.

ಕನ್ನಡದ ಪಾಲಿಗೆ ಈ ಬಹುಮಾನಗಳ ಬೆಲೆ ರೂಪಾಯಿಗಳಲ್ಲಿ ಅಳೆಯುವಂಥದ್ದಲ್ಲ. ನಮ್ಮಲ್ಲಿ ಸಣ್ಣಕಥೆ ಬೆಳೆದದ್ದೇ ಪತ್ರಿಕೆಗಳ ಆಸರೆಯಲ್ಲಿ. ಮಾಸ್ತಿಯವರು ಎರಡು ದಶಕ ಕಾಲ ‘ಜೀವನ’ವನ್ನು ನಡೆಸಿದರು, ಗೋಪಾಲಕೃಷ್ಣ ಅಡಿಗರ ‘ಸಾಕ್ಷಿ’ ನವ್ಯರಿಗೆ ವೇದಿಕೆಯಾಯಿತು, 1964ರಲ್ಲಿ ಧಾರವಾಡದಲ್ಲಿ ಮೂವರು ಯುವ ಲೇಖಕರು ಸೇರಿ ‘ಸಂಕ್ರಮಣ’ ಹೊರಡಿಸಿದರು. ಬಾನು ಮುಷ್ತಾಕ್ ಅವರ ಮೊದಲ ಕಥೆಯೂ ಅಚ್ಚಾದದ್ದು ‘ಪ್ರಜಾಮತ’ ಪತ್ರಿಕೆಯಲ್ಲಿ. 2025ರಲ್ಲಿ ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದದ ಮೂಲಕ ಅವರ ಕಥೆಗಳಿಗೆ ಇಂಟರ್‌ನ್ಯಾಷನಲ್ ಬೂಕರ್ ಬಂತು. ಸಣ್ಣಕಥೆಗಳ ಸಂಕಲನವೊಂದಕ್ಕೆ ಆ ಪ್ರಶಸ್ತಿ ಸಂದದ್ದು ಅದೇ ಮೊದಲು. ಪತ್ರಿಕೆಯ ಪುಟದಿಂದ ಅಲ್ಲಿಯವರೆಗಿನ ದಾರಿಗೆ ಅರ್ಧ ಶತಮಾನ ಹಿಡಿಯಿತು.

ಆದ್ದರಿಂದ ಮುಂದಿನ ವಿಶೇಷಾಂಕ ಕೈಗೆ ಬಂದಾಗ ಓದುಗರು ಮೊದಲ ಬಹುಮಾನದ ಕಥೆಯ ಬಳಿಯೇ ನಿಲ್ಲಬೇಕಾಗಿಲ್ಲ. ಮೆಚ್ಚುಗೆ ಪಡೆದವುಗಳ ಪಟ್ಟಿಯನ್ನೂ ಒಮ್ಮೆ ನೋಡಿ. ಹಿಡಿಸಿದ ಕಥೆ ಕಂಡರೆ ಪತ್ರಿಕೆಗೆ ಎರಡು ಸಾಲು ಬರೆಯಿರಿ. ತೀರ್ಪುಗಾರರು ಕೊಡಲಾಗದ ಬಹುಮಾನವೊಂದು ಓದುಗರ ಕೈಯಲ್ಲಿದೆ.